ತೊಗರಿ ನುಚ್ಚಿನ ಹಾಳೆಗೆ ಕಾರ್ಬನ್ ಬಲ

ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಬೇಳೆ ಒಡೆದ ಮೇಲೆ ಉಳಿಯುವ ನುಚ್ಚು, ಚುನ್ನಿ ದನದ ಮೇವಾಗುತ್ತವೆ. ಆ ನುಚ್ಚಿನಲ್ಲೂ ಒಳ್ಳೆಯ ಪ್ರೊಟೀನ್ ಇದೆ. ಅದರಿಂದ ಮಣ್ಣಲ್ಲಿ ಕೊಳೆಯುವ ಪ್ಯಾಕಿಂಗ್ ಹಾಳೆ ತಯಾರಿಸಬಹುದು. ಆದರೆ ಬರೀ ಪ್ರೊಟೀನಿನ ಹಾಳೆ ಒಣಗಿದರೆ ಹಪ್ಪಳದಂತೆ ಮುರಿಯುತ್ತದೆ, ತೇವ ತಾಗಿದರೆ ಮೆತ್ತಗಾಗುತ್ತದೆ. ಸೋಯಾ, ಜಿಲೆಟಿನ್ ಹಾಳೆಗಳಲ್ಲಿ ಇದಕ್ಕೆ ಸಿಕ್ಕಿರುವ ಮದ್ದು ಗ್ರಾಫೀನ್ ಆಕ್ಸೈಡ್, ಅಂದರೆ ಆಮ್ಲಜನಕದ ಗುಂಪುಗಳು ಅಂಟಿಕೊಂಡ ಅತಿ ತೆಳುವಾದ ಕಾರ್ಬನ್ ಪದರಗಳು. ಕಾಲೇಜಿನ ಪ್ರಯೋಗಾಲಯದಲ್ಲಿ ಅದೇ ದಾರಿಯನ್ನು ತೊಗರಿಗೂ ಹಿಡಿಯಬಹುದು.

ಮೊದಲು ಪ್ರೊಟೀನ್ ತೆಗೆಯಿರಿ. ನುಣ್ಣಗೆ ಬೀಸಿದ ನುಚ್ಚಿಗೆ ಹತ್ತು ಪಟ್ಟು ನೀರು ಬೆರೆಸಿ, ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಎಚ್ 9ಕ್ಕೆ ತಂದು ಒಂದು ತಾಸು ಕಲಕಿ. ಸೋಸಿದ ತಿಳಿಗೆ ಆಮ್ಲ ಹನಿಸಿ ಪಿಎಚ್ 4.5ಕ್ಕೆ ಇಳಿಸಿದರೆ ಹಾಲು ಒಡೆದಂತೆ ಬಿಳಿ ಗರಣೆ ಕಟ್ಟುತ್ತದೆ. ಅದೇ ಪ್ರೊಟೀನ್. ಸೋಸಿ, ತೊಳೆದು, ಒಣಗಿಸಿ.

ಅದರ 5 ಗ್ರಾಂ ಅನ್ನು 90 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಪಿಎಚ್ 10ಕ್ಕೆ ಏರಿಸಿ ಕರಗಿಸಿ, 80 ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿ. ಬಳುಕು ಬರಲು 2 ಗ್ರಾಂ ಗ್ಲಿಸರಿನ್ ಸೇರಿಸಿ.

ಇಲ್ಲಿಂದ ಮುಂದೆ ಆತುರ ಬೇಡ. ಗ್ರಾಫೀನ್ ಆಕ್ಸೈಡ್ ಬೇಕಿರುವುದು 25 ಮಿಲಿಗ್ರಾಂ, ಪ್ರೊಟೀನಿನ ಶೇ 0.5ರಷ್ಟು ಮಾತ್ರ. 10 ಮಿ.ಲೀ. ನೀರಿನಲ್ಲಿ ಹಾಕಿ, ಶ್ರವಣಾತೀತ ಧ್ವನಿಯಿಂದ ಪದರಗಳನ್ನು ಬಿಡಿಸುವ ನೀರಿನ ತೊಟ್ಟಿಯಾದ ಸೋನಿಕೇಟರ್‌ನಲ್ಲಿ ಅರ್ಧ ತಾಸು ಬಿಡಿ, ತೊಟ್ಟಿಯ ನೀರು ಬಿಸಿಯಾದರೆ ಬದಲಿಸಿ. ಲೋಟವನ್ನು ಬೆಳಕಿಗೆ ಹಿಡಿದು ನೋಡಿ: ಚಹಾದ ಡಿಕಾಕ್ಷನ್‌ನಂತೆ ಒಂದೇ ಕಂದು ಬಣ್ಣವಿರಬೇಕು. ಕಪ್ಪು ಚುಕ್ಕೆ ತೇಲಿದರೆ ಇನ್ನೂ ಬಿಡಿಸಿಲ್ಲ ಎಂದರ್ಥ. ಬೋರ್‌ವೆಲ್‌ನ ಗಡಸು ನೀರು ಬೇಡವೇ ಬೇಡ. ಅದರ ಕ್ಯಾಲ್ಸಿಯಂ ಈ ಪದರಗಳನ್ನು ಗಂಟು ಕಟ್ಟಿಸುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಎಂಬುದೂ ತಪ್ಪು. ಹೆಚ್ಚಾದ ಕಾರ್ಬನ್ ಗುಂಪುಗೂಡುತ್ತದೆ, ಹಾಳೆ ಸೀಳುವುದು ಅಂಥ ಗಂಟಿನಿಂದಲೇ. ಚೆನ್ನಾಗಿ ಹರಡಿದರೆ ಪದರದ ಆಮ್ಲಜನಕ ಗುಂಪುಗಳು ಪ್ರೊಟೀನ್ ಎಳೆಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ನೀರಾವಿಯೂ ಪದರಗಳನ್ನು ಸುತ್ತಿಕೊಂಡು ಹೋಗಬೇಕಾಗಿ, ಹಾಳೆ ದಾಟುವುದು ನಿಧಾನವಾಗುತ್ತದೆ.

ಪ್ರೊಟೀನ್ ದ್ರಾವಣ, ಈ ಕಂದು ನೀರು ಎರಡನ್ನೂ ಬೆರೆಸಿ, ನೊರೆ ಇಳಿದ ಮೇಲೆ 10 ಸೆಂ.ಮೀ. ಪೆಟ್ರಿ ತಟ್ಟೆಗೆ 20 ಮಿ.ಲೀ. ಸುರಿಯಿರಿ. ನಮ್ಮ ಬೇಸಿಗೆಯ ಒಣಗಾಳಿಗೆ ಬಿಟ್ಟರೆ ಅಂಚು ಮುದುರಿ ಬಿರಿಯುತ್ತದೆ, ಆದ್ದರಿಂದ ತೆಳು ಬಟ್ಟೆ ಮುಚ್ಚಿ ನೆರಳಲ್ಲಿ ಒಂದೆರಡು ದಿನ ಇಡಿ.

ಒಂದು ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ, ಗ್ರಾಫೀನ್ ಆಕ್ಸೈಡ್ ಹಾಕದ ಹಾಳೆಯ ಪಟ್ಟಿಯ ಜೊತೆ ತೂಗುಹಾಕಿ. ಕ್ಲಿಪ್ಪಿಗೆ ಕಟ್ಟಿದ ಚೀಲಕ್ಕೆ ನೀರು ಸುರಿಯುತ್ತಾ ಹೋದರೆ ಯಾವುದು ಎಷ್ಟಕ್ಕೆ ಹರಿಯಿತೆಂದು ಗೊತ್ತಾಗುತ್ತದೆ.

ಗ್ರಾಫೀನ್ ಆಕ್ಸೈಡಿನ ಒಣ ಪುಡಿ ತೂಗುವಾಗ ಮಾಸ್ಕ್, ಕೈಗವಸು ಕಡ್ಡಾಯ, ಉಸಿರಿಗೆ ಹೋಗಬಾರದು. ಕಾರ್ಬನ್ ಕಣ ಆಹಾರಕ್ಕೆ ಇಳಿಯುವುದಿಲ್ಲವೆಂದು ಪರೀಕ್ಷೆಯಲ್ಲಿ ಖಾತ್ರಿಯಾಗುವ ತನಕ ಈ ಹಾಳೆಯಲ್ಲಿ ತಿನ್ನುವ ಪದಾರ್ಥ ಕಟ್ಟಬೇಡಿ.