ಪಲೇರ್ಮೊದಲ್ಲಿ ಬ್ರೆಡ್ಡಿಲ್ಲದ ದಿನ

ಸಿಸಿಲಿಯ ಪಲೇರ್ಮೊಗೆ ಹೊರಟಾಗ ನನ್ನ ಊಟದ ಲೆಕ್ಕಾಚಾರವೆಲ್ಲ ಬ್ರೆಡ್ಡಿನ ಮೇಲೆ ನಿಂತಿತ್ತು. ಜೊತೆಗಿದ್ದವಳು ಅವ್ವ, ಮೊಟ್ಟೆಯನ್ನೂ ಮುಟ್ಟುವವಳಲ್ಲ. ಏನೂ ಸಿಗದಿದ್ದರೆ ಬ್ರೆಡ್, ಟೊಮೆಟೊ, ಧಾರವಾಡದಿಂದ ಕಟ್ಟಿಕೊಂಡು ಹೋದ ಶೇಂಗಾ ಚಟ್ನಿಪುಡಿ ಇದ್ದೇ ಇದೆಯಲ್ಲ ಎಂದುಕೊಂಡಿದ್ದೆ. ತಲುಪಿದ ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೋದರೆ ಓಣಿಯ ಬೇಕರಿಗೆ ಬಾಗಿಲು. ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಒಡತಿ ನಕ್ಕು, "ಇವತ್ತು ಸಾಂತಾ ಲುಚೀಯಾ" ಎಂದರು. ಅಂದು ಡಿಸೆಂಬರ್ 13, ಸಾಂತಾ ಲುಚೀಯಾ ಎಂಬ ಕ್ರೈಸ್ತ ಸಂತ ಮಹಿಳೆಯ ಹಬ್ಬ.

ಆ ದಿನ ಪಲೇರ್ಮೊದವರು ಬ್ರೆಡ್ ತಿನ್ನುವುದಿಲ್ಲ, ಪಾಸ್ತಾವನ್ನೂ ಬೇಯಿಸುವುದಿಲ್ಲ. 1646ರ ಬರದಲ್ಲಿ ಇದೇ ದಿನ ಗೋಧಿ ತುಂಬಿದ ಹಡಗು ಬಂದರಿಗೆ ಬಂತಂತೆ. ಹಸಿದ ಜನಕ್ಕೆ ಬೀಸುವಷ್ಟು ತಾಳ್ಮೆ ಇರಲಿಲ್ಲ, ಕಾಳನ್ನೇ ಬೇಯಿಸಿ ತಿಂದರಂತೆ. ಆ ನೆನಪಿಗೆ ಹಿಟ್ಟಿನ ಪದಾರ್ಥ ಬಿಟ್ಟು ಕುಚ್ಚೀಯಾ ಮಾಡುತ್ತಾರೆ. ಒಡತಿ ನಮಗೂ ಒಂದು ಬಟ್ಟಲು ಕೊಟ್ಟರು. ದಿನಗಟ್ಟಲೆ ನೆನೆಸಿ ಬೇಯಿಸಿದ ಇಡೀ ಗೋಧಿ, ಕುರಿಹಾಲಿನ ಮೆತ್ತನೆಯ ರಿಕೊತ್ತಾ ಚೀಸ್, ಸಕ್ಕರೆ, ಚಾಕೊಲೇಟ್ ಚೂರು. ಅವ್ವ ಕುರಿಹಾಲಿನ ಮಾತಿಗೆ ಸ್ವಲ್ಪ ಹೊತ್ತು ತಡೆದಳು. ಆಮೇಲೆ ಒಂದು ಚಮಚ ತಿಂದು, "ಇದು ಗೋಧಿ ಹುಗ್ಗಿ. ಬೆಲ್ಲ ಹಾಕಿಲ್ಲ, ಅಷ್ಟೇ" ಎಂದಳು.

ಹೊಟ್ಟೆ ತುಂಬಿಸಿದ್ದು ಬಾಲ್ಲಾರೊ ಮಾರುಕಟ್ಟೆ. ಅಲ್ಲಿ ವ್ಯಾಪಾರಿಗಳು ರಾಗವೆಳೆದು ಕೂಗುತ್ತಾರೆ. ಆ ಕೂಗಿಗೆ 'ಅಬ್ಬನ್ನಿಯಾತಾ' ಎಂಬ ಹೆಸರೇ ಇದೆ. ಮೂಲೆಯೊಂದರಲ್ಲಿ ಒಬ್ಬಾತ ಪನೆಲ್ಲೆ ಕರಿಯುತ್ತಿದ್ದ. ಕಡಲೆ ಹಿಟ್ಟನ್ನು ನೀರು, ಉಪ್ಪಿನೊಂದಿಗೆ ಗಂಟಾಗದಂತೆ ತಿರುವಿ, ಪಾರ್ಸ್ಲಿ ಸೊಪ್ಪು ಉದುರಿಸಿ, ಬಿಸಿಯಿರುವಾಗಲೇ ತೆಳ್ಳಗೆ ಹರಡುತ್ತಾರೆ. ಆರಿದ ಮೇಲೆ ಕತ್ತರಿಸಿ ಎಣ್ಣೆಗೆ ಬಿಡುತ್ತಾರೆ. ಅಂಚು ಗರಿಗರಿ, ಒಳಗೆ ಬೆಣ್ಣೆಯಂಥ ಮೆದು. ನಮ್ಮ ಜುಣಕದ ವಡಿಗೆ ಒಗ್ಗರಣೆ ತಪ್ಪಿಸಿ ಕರಿದರೆ ಹೀಗೇ ಆದೀತು. ಉಳಿದ ದಿನ ಎಳ್ಳು ಮೆತ್ತಿದ ಬನ್ನಿನೊಳಗೆ ಇಟ್ಟು ಕೊಡುತ್ತಾರೆ. ಅಂದು ಬರಿಯ ಕಾಗದದಲ್ಲಿ ಸುತ್ತಿ, ಮೇಲೆ ನಿಂಬೆ ಹಿಂಡಿ ಕೊಟ್ಟ. ಬಾಣಲೆಯಲ್ಲಿ ಮೀನು ಕರಿಯುವುದಿಲ್ಲವೆಂದು ಸನ್ನೆಯಲ್ಲೇ ಖಚಿತಪಡಿಸಿಕೊಂಡಿದ್ದೆ.

ಆ ಜಾಗ್ರತೆ ಬಂದದ್ದು ಪೆಟ್ಟು ತಿಂದ ಮೇಲೆ. ಅಂದೇ ಬೆಳಿಗ್ಗೆ ಅರಾಂಚೀನಾ ಕೊಂಡಿದ್ದೆ; ಕೇಸರಿ ಹಾಕಿದ ಅನ್ನದ ದುಂಡನೆಯ ಉಂಡೆ, ಹೆಸರಿನ ಅರ್ಥ ಪುಟ್ಟ ಕಿತ್ತಳೆ. (ಇಲ್ಲಿ ಅದು ಸ್ತ್ರೀಲಿಂಗ. ಸಿಸಿಲಿಯದೇ ಇನ್ನೊಂದು ಊರಾದ ಕತಾನಿಯಾದವರು 'ಅರಾಂಚೀನೊ' ಎಂದು ಗಂಡು ಮಾಡುತ್ತಾರೆ, ಈ ಜಗಳ ಮುಗಿಯುವಂಥದ್ದಲ್ಲ.) ಮಾಂಸದ್ದು ಬೇಡ, 'ಅಲ್ ಬುರ್ರೊ' ಎಂದರೆ ಬೆಣ್ಣೆಯದ್ದು ತಾನೇ ಎಂದು ಅದನ್ನು ಕೇಳಿದೆ. ಮುರಿದರೆ ಚೀಸಿನ ನಡುವೆ ಹಂದಿಮಾಂಸದ ಗುಲಾಬಿ ತುಣುಕುಗಳು. ಪುಣ್ಯಕ್ಕೆ ಅವ್ವನ ಕೈಗೆ ಕೊಟ್ಟಿರಲಿಲ್ಲ. ಆಮೇಲೆ ವಿಚಾರಿಸುತ್ತ ಹೋದಂತೆ ಒಂದೊಂದೇ ಬಯಲಾಯಿತು: ದಪ್ಪ ಪಿಜ್ಜಾದಂತೆ ಕಾಣುವ ಸ್ಫಿಂಚೋನೆಯಲ್ಲಿ ಆಂಚೊವಿ ಮೀನು ಕರಗಿರುತ್ತದೆ, ಕನ್ನೋಲಿ ಎಂಬ ಸಿಹಿತಿಂಡಿಯ ಗರಿಗರಿ ಕೊಳವೆಯ ಹಿಟ್ಟಿಗೆ ಹಂದಿಕೊಬ್ಬು ಹಾಕುವುದು ಹಳೆಯ ರೂಢಿ. "ನಾನು ಸಸ್ಯಾಹಾರಿ" ಎಂದಷ್ಟೇ ಹೇಳಿ ಸುಮ್ಮನಾದರೆ ಇಲ್ಲಿ ಸಾಲದು. ಮಾಂಸ, ಮೀನು, ಹ್ಯಾಮ್, 'ಸ್ತ್ರುತ್ತೊ' ಎಂಬ ಕೊಬ್ಬು ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳಬೇಕು. ಬದನೆಕಾಯಿಯ ಹುಳಿಸಿಹಿ ಕಪೊನಾತಾ ನಮ್ಮನ್ನು ಎಲ್ಲೂ ಕೈಬಿಡಲಿಲ್ಲ.

ನೋಡಿದ ಕಟ್ಟಡಗಳನ್ನೆಲ್ಲ ವರ್ಣಿಸುವುದಿಲ್ಲ. ಅರಮನೆಯೊಳಗಿನ ಕಪೆಲ್ಲಾ ಪಲಾತೀನಾ ಒಂದನ್ನು ಬಿಡಲಾಗದು. ನಾರ್ಮನ್ ದೊರೆ ಎರಡನೆಯ ರೋಜರ್ 12ನೆಯ ಶತಮಾನದಲ್ಲಿ ಕಟ್ಟಿಸಿದ ಕ್ರೈಸ್ತ ಪ್ರಾರ್ಥನಾಮಂದಿರ ಅದು. ಗೋಡೆಗೆ ಬೈಜಾಂಟೈನ್ ಶೈಲಿಯ ಚಿನ್ನದ ಮೊಸಾಯಿಕ್, ಮೇಲೆ ಜೇನುಗೂಡಿನಂತೆ ತೂಗುವ ಅರಬ್ ಶೈಲಿಯ ಮರದ ಚಾವಣಿ. ಪನೆಲ್ಲೆಯೂ ಅರಬ್ಬರ ಕಾಲದ್ದೇ ಎಂದು ಊರವರು ಹೇಳುತ್ತಾರೆ. ಚಾವಣಿ ನೋಡಿ ನೋಡಿ ಅವ್ವನಿಗೆ ಕುತ್ತಿಗೆ ನೋವು ಬಂತು.

ಭಾನುವಾರ ಮೊಂತೆ ಪೆಲ್ಲೆಗ್ರೀನೊ ಬೆಟ್ಟಕ್ಕೆ ಬಸ್ ಹತ್ತಿದೆವು. ಊರಿನ ಪೋಷಕಿಯಾದ ಸಂತ ಮಹಿಳೆ ಸಾಂತಾ ರೊಸಾಲಿಯಾಳ ಗುಹೆ ಅಲ್ಲಿದೆ. 1624ರ ಪ್ಲೇಗಿನಲ್ಲಿ ಸಿಕ್ಕ ಅವಳ ಅಸ್ಥಿಯನ್ನು ಮೆರವಣಿಗೆ ಮಾಡಿದ ಮೇಲೆ ರೋಗ ನಿಂತಿತೆಂದು ನಂಬಿಕೆ. ಜುಲೈ 14ರ ರಾತ್ರಿ ಅವಳ ರಥ ಇಂದಿಗೂ ಎಳೆಯುತ್ತಾರೆ. ಗುಹೆಯ ಮಾಡಿನಿಂದ ತೊಟ್ಟಿಕ್ಕುವ ನೀರು ಜನರ ತಲೆಗೆ ಬೀಳದಂತೆ ಲೋಹದ ದೋಣಿಗಳು. ಒಳಗೆ ಸೀರೆಯುಟ್ಟ ಹೆಂಗಸರನ್ನು ಕಂಡು ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. ಪಲೇರ್ಮೊದಲ್ಲಿ ನೆಲೆಸಿರುವ ಶ್ರೀಲಂಕಾ ತಮಿಳರು ಹಿಂದೂಗಳಾಗಿಯೇ ಈ ರೊಸಾಲಿಯಾಳಿಗೆ ನಡೆದುಕೊಳ್ಳುತ್ತಾರೆ. ಹಣೆಗೆ ಕುಂಕುಮವಿಟ್ಟ ಒಬ್ಬರು ಹೂವಿಟ್ಟು ಕೈ ಮುಗಿದು ಹೊರಬಂದು, ನಮ್ಮನ್ನು ನೋಡಿ ತಮಿಳಿನಲ್ಲಿ ಮಾತಿಗಿಳಿದರು. ಅವ್ವ ಕನ್ನಡದಲ್ಲೇ ಉತ್ತರಿಸಿದಳು. ಹತ್ತು ನಿಮಿಷ ಇಬ್ಬರಿಗೂ ತೊಡಕಾಗಲಿಲ್ಲ. ಕೊನೆಗೆ ತಿಳಿದ ಮುಖ್ಯ ಸಂಗತಿ: ಬಾಲ್ಲಾರೊ ಹಿಂದಿನ ಓಣಿಯ ಅಂಗಡಿಯಲ್ಲಿ ಕರಿಬೇವು, ಸಾಸಿವೆ ಸಿಗುತ್ತವೆ.

ಸಂಜೆ ಬಾಡಿಗೆ ಮನೆಯ ಒಲೆಯ ಮೇಲೆ ಒಗ್ಗರಣೆ ಚಟಪಟಗುಟ್ಟಿತು. ಪನೆಲ್ಲೆಯದೇ ಕಡಲೆ ಹಿಟ್ಟು, ಹಸಿಮೆಣಸಿನಕಾಯಿ, ತಟ್ಟೆಗೆ ಹರಡಿ ಡೈಮಂಡ್ ಆಕಾರದಲ್ಲಿ ಕತ್ತರಿಸಿದ ವಡಿ. ವಾಸನೆಗೆ ಮೇಲಿನಿಂದ ಇಳಿದು ಬಂದ ಒಡತಿ ಒಂದು ಚೂರು ಬಾಯಿಗಿಟ್ಟು, "ಪನೆಲ್ಲೆ! ಕರಿಯುವುದನ್ನು ಮರೆತಿದ್ದೀರಿ" ಎಂದು ಅಡುಗೆಮನೆಯಲ್ಲಿ ನಿಂಬೆಹಣ್ಣು ಹುಡುಕತೊಡಗಿದರು.