ಮಗುವನ್ನು ಎ ಅಂಡ್ ಇಗೆ (ಆಸ್ಪತ್ರೆಯ ತುರ್ತು ವಿಭಾಗಕ್ಕೆ) ಕರೆದೊಯ್ಯುವ ಮುಂಚೆ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ನಾವು ಬಂದ ಮೊದಲ ಚಳಿಗಾಲ. ರಾತ್ರಿ ಹನ್ನೊಂದಕ್ಕೆ ಎರಡು ವರ್ಷದ ಮಗಳಿಗೆ ಜ್ವರ ಏರಿತು. ಊರಲ್ಲಾಗಿದ್ದರೆ ಅಮ್ಮ ಹಣೆ ಮುಟ್ಟಿ, "ಬೆಳಿಗ್ಗೆ ನೋಡೋಣ ಬಿಡು" ಅನ್ನುತ್ತಿದ್ದರು. ಇಲ್ಲಿ ಹಾಗೆ ಹೇಳುವವರಿರಲಿಲ್ಲ. ಸೀದಾ ಎ ಅಂಡ್ ಇಗೆ ಓಡಿದೆವು. ಜ್ವರ ಎಷ್ಟಿತ್ತು ಎಂದು ನರ್ಸ್ ಕೇಳಿದಾಗ "102" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಇಲ್ಲಿ ಲೆಕ್ಕ ಸೆಲ್ಸಿಯಸ್‌ನಲ್ಲಿ. ನಮ್ಮ ಫ್ಯಾರನ್‌ಹೀಟ್ 100.4 ಅಂದರೆ ಇವರ 38. ಥರ್ಮಾಮೀಟರ್ ಇಲ್ಲೇ ಕೊಳ್ಳಿ.

ಐದು ಗಂಟೆ ಕಾದೆವು. ನಮ್ಮ ನಂತರ ಬಂದ ಮಕ್ಕಳನ್ನು ಮೊದಲು ಒಳಗೆ ಕರೆದರು. ಆಗ ತುಂಬಾ ನೊಂದುಕೊಂಡಿದ್ದೆ. ಇಲ್ಲಿ ಯಾರಿಗೆ ಜಾಸ್ತಿ ತೊಂದರೆಯೋ ಅವರಿಗೆ ಮೊದಲ ಸರದಿ. ಜಗಳಕ್ಕೆ ಹೋಗಬೇಡಿ.

ನಮ್ಮವರು ಹೆಚ್ಚಾಗಿ ಎ ಅಂಡ್ ಇಗೆ ಹೋಗುವುದು ಜಿಪಿ (ಬಡಾವಣೆಯ ಕುಟುಂಬ ವೈದ್ಯರು) ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಅಂತ, ಇಲ್ಲವೇ ರಾತ್ರಿ ಭಯವಾಯಿತು ಅಂತ. ಅಂಥ ಹೊತ್ತಿಗೆ ಸರ್ಕಾರಿ ಆರೋಗ್ಯ ಸೇವೆಯ ಸಲಹಾ ನಂಬರ್ 111ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. 5 ವರ್ಷದೊಳಗಿನ ಮಗುವಾದರೆ ವೆಬ್‌ಸೈಟ್ ಬೇಡ, ಫೋನೇ ಮಾಡಿ. ಮಗು ಎಷ್ಟು ಹಾಲು ಕುಡಿಯಿತು, ಎಷ್ಟು ಸಲ ಉಚ್ಚೆ ಮಾಡಿತು, ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಕೇಳುತ್ತಾರೆ. ಬರೆದಿಟ್ಟುಕೊಳ್ಳಿ. 3 ತಿಂಗಳೊಳಗಿನ ಕೂಸಿಗೆ ಜ್ವರ 38 ಅಥವಾ ಹೆಚ್ಚಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಫೋನ್ ಮಾಡಿ.

ಆದರೆ ಇವುಗಳಿಗೆ 999 (ಆಂಬುಲೆನ್ಸ್ ಕರೆಯುವ ತುರ್ತು ನಂಬರ್) ಅಥವಾ ಎ ಅಂಡ್ ಇ, ಯೋಚಿಸುತ್ತಾ ಕೂರಬೇಡಿ:
- ಉಸಿರಾಡಲು ಒದ್ದಾಟ, ಪಕ್ಕೆ ಒಳಗೆ ಎಳೆಯುವುದು
- ತುಟಿ ನೀಲಿಯಾಗುವುದು
- ಎಬ್ಬಿಸಿದರೂ ಏಳದಿರುವುದು
- ಮೊದಲ ಸಲ ಫಿಟ್ಸ್
- ಗಾಜಿನ ಲೋಟವನ್ನು ಚರ್ಮಕ್ಕೆ ಒತ್ತಿದರೂ ಮಾಸದ ಗುಳ್ಳೆ, ಕಲೆ
- ಅಂಗಿ ಗುಂಡಿಯಂಥ ಚಿಕ್ಕ ಬ್ಯಾಟರಿ ನುಂಗಿದ್ದು (ಬೆರಳು ಹಾಕಿ ವಾಂತಿ ಮಾಡಿಸಬೇಡಿ)

ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇವೆ. ಊರಿಂದ ತಂದ ಉಳಿದ ಆಂಟಿಬಯಾಟಿಕ್ ಸಿರಪ್ ಕೊಡಬೇಡಿ. ಕೊಟ್ಟಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಬಾಟಲಿ ತೋರಿಸಿ. 16 ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಡಾಕ್ಟರ್ ಚೀಟಿಯ ಔಷಧಿ ಉಚಿತ ಅಲ್ವಾ?

ಜಿಪಿ ನೋಂದಣಿ: ಬಂದ ವಾರವೇ ಮಾಡಿಸಿ. ಉಚಿತ. ವಿಳಾಸದ ದಾಖಲೆ ಇಲ್ಲದಿದ್ದರೂ ಮಾಡಿಸಬಹುದು.

ಅಜ್ಜಿ ತಾತ ಬಂದು ಮಗುವಿನ ಜೊತೆ ಒಬ್ಬರೇ ಇರುತ್ತಾರೆಯೇ? ಮನೆಯ ಪೋಸ್ಟ್‌ಕೋಡನ್ನು ಕನ್ನಡದಲ್ಲೇ ಬರೆದು ಫ್ರಿಜ್ಜಿಗೆ ಅಂಟಿಸಿ. 999 ಒತ್ತಿ "ಆಂಬುಲೆನ್ಸ್, ಕನ್ನಡ ಇಂಟರ್‌ಪ್ರೆಟರ್ ಪ್ಲೀಸ್" ಎನ್ನುವುದನ್ನು ಎರಡು ಮೂರು ಸಲ ಅವರ ಬಾಯಲ್ಲಿ ಹೇಳಿಸಿ.