ರೂಪಾಯಿಗೆ ಎಷ್ಟಾಣೆ ಬ್ಯಾನಿ?

ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) 3 ವರ್ಷದ ನರ್ಸಿಂಗ್ ಕೋರ್ಸು. ಅದರಲ್ಲಿ ಕೊನೆಗಾಲದ ಆರೈಕೆಗೆ ಸಿಗುವ ಜಾಗ ಸಣ್ಣದು. ಹಾಸ್ಪೈಸ್ (ಗುಣವಾಗದವರನ್ನು ಕೊನೆಯವರೆಗೆ ಆರೈಕೆ ಮಾಡುವ) ಕೆಲಸಕ್ಕೆಂದೇ ನಡುವಯಸ್ಸಿನಲ್ಲಿ ನರ್ಸಿಂಗ್ ಸೇರಿದ ನಾನು ಅದನ್ನು ರಾಯಚೂರಿನ ಪ್ರತಿ ಪೋಸ್ಟಿಂಗ್‌ನಿಂದಲೂ ಹೆಕ್ಕಿಕೊಂಡೆ: ಸರ್ಜರಿ ವಾರ್ಡಿನಿಂದ ಗಾಯ, ಮೆಡಿಸಿನ್ ವಾರ್ಡಿನಿಂದ ಉಸಿರು ಮತ್ತು ಹೊಟ್ಟೆ, ಕಮ್ಯುನಿಟಿ ಪೋಸ್ಟಿಂಗ್‌ನಿಂದ ಮನೆ. ಒಂದು ದಪ್ಪ ನೋಟ್‌ಬುಕ್ಕಿನ ಎಡಪುಟದಲ್ಲಿ ಪುಸ್ತಕದ ಮಾತು, ಬಲಪುಟದಲ್ಲಿ ಅದನ್ನೇ ನಮ್ಮ ಜನ ಹೇಳುವ ಮಾತು.

ಹೆಚ್ಚು ಉಪಯೋಗಕ್ಕೆ ಬಂದದ್ದು ಬಲಪುಟ. ‘ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು’ ಅಂದರೆ ಮಾನ್ವಿ, ಸಿಂಧನೂರು ಕಡೆಯ ಹಿರಿಯರು ಮುಖ ನೋಡುತ್ತಾರೆ. ‘ರೂಪಾಯಿಗೆ ಎಷ್ಟಾಣೆ ಬ್ಯಾನಿ ಐತ್ರಿ?’ ಅಂದರೆ ಉತ್ತರ ಬರುತ್ತದೆ. ರೂಪಾಯಿಗೆ 16 ಆಣೆ; ಹಾಗಾಗಿ 8 ಆಣೆ ಅಂದರೆ ಚಾರ್ಟಿನಲ್ಲಿ 5, 12 ಆಣೆ ಅಂದರೆ 7 ಅಥವಾ 8. ನೋವಿನ ಬಣ್ಣನೆಯನ್ನು ಅವರ ಮಾತಿನಲ್ಲೇ ಬರೆಯಬೇಕು. ‘ಉರೀತದ’, ‘ಕರೆಂಟ್ ಹೊಡದಂಗ’, ‘ಇರಿವಿ ಹರದಂಗ’ ಅಂದರೆ ನರದ ನೋವಿನ ಸುಳಿವು. ಅದಕ್ಕೆ ತೀವ್ರ ನೋವಿನ ಔಷಧ ಮಾರ್ಫಿನ್ ಒಂದೇ ಸಾಲದೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥ ನರದ ನೋವಿನ ಔಷಧಗಳೂ ಬೇಕಾಗಬಹುದು. ಬರೀ ‘ನೋವಿದೆ’ ಎಂದು ಬರೆದರೆ ವೈದ್ಯರಿಗೆ ಆ ಸುಳಿವು ತಲುಪುವುದಿಲ್ಲ. ‘ಸಂಕಟ’ ಎಂದಾಗ ಮಾತ್ರ ಬಿಡಿಸಿ ಕೇಳಬೇಕು: ವಾಂತಿ ಬಂದಂತೆಯೋ, ಉಸಿರು ಕಟ್ಟಿದಂತೆಯೋ, ಮನಸ್ಸಿನ ತಳಮಳವೋ.

ಮಾರ್ಫಿನ್ ಲೆಕ್ಕವನ್ನು ಕೈಗೆ ಕೂರಿಸಿಕೊಳ್ಳಲು ನನಗೆ ತುಂಬ ದಿನ ಹಿಡಿಯಿತು. ಸಾಮಾನ್ಯ ಗುಳಿಗೆಯ ಪರಿಣಾಮ ಸುಮಾರು 4 ಗಂಟೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ತಲಾ 10 ಮಿ.ಗ್ರಾಂ., ರಾತ್ರಿ 10ಕ್ಕೆ ಇಮ್ಮಡಿ, ಅಂದರೆ 20. ನಡುರಾತ್ರಿ ಎಬ್ಬಿಸುವುದು ತಪ್ಪುತ್ತದೆ. ದಿನಕ್ಕೆ ಒಟ್ಟು 60. ನಡುವೆ ನೋವು ಎದ್ದರೆ ಕೊಡುವ ಹೆಚ್ಚುವರಿ ಡೋಸ್ ದಿನದ ಒಟ್ಟಿನ ಆರನೇ ಒಂದು ಭಾಗ, ಅಂದರೆ 10. ಅಂಥವು 3 ಬೇಕಾದರೆ ಆ ದಿನದ ಒಟ್ಟು 90, ಅದರ ಆರನೇ ಒಂದು ಭಾಗ 15; ಮುಂದೆ ಪ್ರತಿ ಸಲದ ಡೋಸ್ ಅಷ್ಟಕ್ಕೆ ಏರಬಹುದು. ಡೋಸ್ ಏರಿಸುವುದು ವೈದ್ಯರ ಕೆಲಸ. ಆದರೆ ಎಷ್ಟು ಹೆಚ್ಚುವರಿ ಡೋಸ್ ಹೋಯಿತು ಎಂದು ನರ್ಸ್ ಬರೆದಿಡದಿದ್ದರೆ ಆ ನಿರ್ಧಾರಕ್ಕೆ ಆಧಾರವೇ ಇರುವುದಿಲ್ಲ. ಮುದುಕರಿಗೆ, ಕಿಡ್ನಿ ಸೋತವರಿಗೆ ಪ್ರಮಾಣ ಇನ್ನೂ ಕಡಿಮೆ. ಅವರಲ್ಲಿ ಕೈಕಾಲು ಜಗ್ಗುವುದು, ವಿಪರೀತ ಮಂಪರು, ಸೂಜಿಮೊನೆಯಂಥ ಕಣ್ಣಿನ ಪಾಪೆ ಕಂಡರೆ ಮುಂದಿನ ಡೋಸ್ ಕೊಡುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರು ಮಾಡುವ ದೊಡ್ಡ ತಪ್ಪು ‘ಬ್ಯಾನಿ ಬಂದ ಮ್ಯಾಲೆ ಕೊಡೋಣ’ ಎನ್ನುವುದು. ಗಡಿಯಾರ ನೋಡಿ ಕೊಡುವ ಕ್ರಮವನ್ನು ಗಟ್ಟಿಯಾಗಿ ಪ್ರತಿಪಾದಿಸಿದವರು ಸಿಸಿಲಿ ಸಾಂಡರ್ಸ್. ನರ್ಸ್ ಆಗಿದ್ದವರು, 33ನೇ ವಯಸ್ಸಿನಲ್ಲಿ ವೈದ್ಯಕೀಯ ಕಲಿಯಲು ಕುಳಿತು, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ತಡವಾಗಿ ಪುಸ್ತಕ ಹಿಡಿದವರು ನೆನಪಿಡಬೇಕಾದ ಹೆಸರು. ಓದಲು ಬಾರದ ಮನೆಗಳಲ್ಲಿ ನಾನು ಪೊಟ್ಟಣದ ಮೇಲೆ ಸೂರ್ಯ, ರೊಟ್ಟಿ, ಚಂದ್ರ ಬರೆದುಕೊಡುತ್ತೇನೆ. ರಾತ್ರಿಯ ಪೊಟ್ಟಣದ ಮೇಲೆ ಎರಡು ಚಂದ್ರ.

ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಯ ಔಷಧವೂ ಶುರುವಾಗಬೇಕು, ಸಾಮಾನ್ಯವಾಗಿ ರಾತ್ರಿ ಬಿಸಾಕೊಡಿಲ್ 5 ಮಿ.ಗ್ರಾಂ.ನ 2 ಗುಳಿಗೆ. ವಾಕರಿಕೆ, ಮಂಪರು ಕೆಲವೇ ದಿನಗಳಲ್ಲಿ ಇಳಿಯುತ್ತವೆ, ಮಲಬದ್ಧತೆ ಇಳಿಯುವುದಿಲ್ಲ. ಇಸಬಗೋಲ್ ಬೇಡ. ನೀರು ಕುಡಿಯಲಾಗದವರ ಕರುಳಿನಲ್ಲಿ ಅದು ಗಟ್ಟಿ ಮುದ್ದೆಯಾಗುತ್ತದೆ.

ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆದವರ ಗಾಯದಲ್ಲಿ ನೋವಿಗಿಂತ ಮೊದಲು ವಾಸನೆ ಜನರನ್ನು ದೂರ ಮಾಡುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ, ಮುಚ್ಚಿ, 10 ನಿಮಿಷ ಕುದಿಸಿ ಆರಿಸಬೇಕು, ಮರುದಿನಕ್ಕೆ ಹೊಸದು. ಹಳೇ ಧೋತರ ತೊಳೆದು, ತುಂಡು ಮಾಡಿ, ಬಟ್ಟೆಯಲ್ಲಿ ಸುತ್ತಿ, ಕುಕ್ಕರಿನಲ್ಲಿ ನೀರಿಗೆ ತಾಗದಂತೆ ಜಾಲರಿಯ ಮೇಲಿಟ್ಟು ಅರ್ಧ ಗಂಟೆ ಆವಿ ಕೊಟ್ಟರೆ ಡ್ರೆಸಿಂಗ್ ಸಿದ್ಧ. ಹಳೇ ಪಟ್ಟಿಯನ್ನು ಒಣಗಿದ್ದಾಗ ಎಳೆದರೆ ರಕ್ತ ಚಿಮ್ಮುತ್ತದೆ. ಉಪ್ಪುನೀರಿನಲ್ಲಿ 10 ನಿಮಿಷ ನೆನೆಸಿದರೆ ತಾನೇ ಬಿಡುತ್ತದೆ. ವಾಸನೆ ಹುಟ್ಟಿಸುವುದು ಮುಖ್ಯವಾಗಿ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ. ಮೆಟ್ರೊನಿಡಜೋಲ್ ಗುಳಿಗೆಯನ್ನು ನುಣ್ಣಗೆ ಪುಡಿಮಾಡಿ, ಮೇಲಿನ ಸಿಪ್ಪೆ ಉಳಿಯದಂತೆ ತೆಳುಬಟ್ಟೆಯಲ್ಲಿ ಸೋಸಿ ಉದುರಿಸುವುದು ಅದಕ್ಕಾಗಿ. ಡೆಟ್ಟಾಲ್ ಸುರಿಯುವುದು ಬೇಡ, ಉಳಿದ ಒಳ್ಳೆಯ ಚರ್ಮವೂ ಸುಡುತ್ತದೆ.

ಮಲಗಿದಲ್ಲೇ ಇರುವವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದೆ ಎಂದು ಇದನ್ನು ಬಿಡುವಂತಿಲ್ಲ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಗಾಳಿ ಇಳಿದು ಮೂಳೆ ಮಂಚಕ್ಕೆ ತಾಗುತ್ತದೆ. ಹಾಸಿಗೆ ಹುಣ್ಣಿನ ಮೊದಲ ಗುರುತೆಂದು ಪುಸ್ತಕ ಹೇಳುವ ಕೆಂಪು ನಮ್ಮ ಕಪ್ಪು ಮೈಬಣ್ಣದಲ್ಲಿ ಕಾಣುವುದೇ ಅಪರೂಪ. ಬೆರಳ ಹಿಂಬದಿಯಿಂದ ಮುಟ್ಟಿ, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ನೋಡಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಒಳಗಿನ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮಾದಕ ವಸ್ತುಗಳ ಕಾಯ್ದೆಗೆ (ಎನ್‌ಡಿಪಿಎಸ್) 2014ರಲ್ಲಿ ಆದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಸಂಸ್ಥೆಗಳು ಅದನ್ನು ಇಡಬಹುದು. ನಿಮ್ಮ ಜಿಲ್ಲೆಯಲ್ಲಿ ಯಾವುದು ಎಂದು ಕಲಿಯುವಾಗಲೇ ಪತ್ತೆ ಮಾಡಿಕೊಳ್ಳಿ. ನರ್ಸ್ ಆಗಿ ನೋಂದಣಿಯಾದ ಮೇಲೆ ತಿರುವನಂತಪುರದ ಪಾಲಿಯಂ ಇಂಡಿಯಾದಂಥ ಸಂಸ್ಥೆಗಳಲ್ಲಿ ಈ ಆರೈಕೆಯ ತರಬೇತಿ ಇದೆ. ಬೆಂಗಳೂರಿನ ಹಾಸ್ಪೈಸ್ ಕರುಣಾಶ್ರಯವನ್ನು ಒಮ್ಮೆಯಾದರೂ ನೋಡಿ ಬರಬೇಕು, ಅಲ್ಲಿ ಆರೈಕೆ ಪೂರ್ತಿ ಉಚಿತ.

ಕೊನೆಯ ದಿನಗಳಲ್ಲಿ ಮನೆಯವರು ಕೇಳುವುದು ಒಂದೇ: ‘ಬಾಟ್ಲಿ ಏರಸ್ರಿ’, ಅಂದರೆ ಸಲೈನ್ ಹಾಕಿ. ಈ ಉತ್ತರವನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬಾಯಿಪಾಠ ಮಾಡಿದ್ದೇನೆ: ‘ಮೈ ಈಗ ನೀರು ತಗೊಳ್ಳೂದಿಲ್ರಿ. ಏರಿಸಿದ್ರ ಕಾಲು ಬಾಯ್ತಾವ, ಎದಿಯಾಗ ಗೊರಗೊರ ಹೆಚ್ಚಾಕ್ಕೈತಿ.’ ಆ ಗೊರಗೊರಕ್ಕೆ ಮೊದಲು ಮಗ್ಗುಲಿಗೆ ಮಲಗಿಸಬೇಕು, ಆಮೇಲೆ ವೈದ್ಯರು ಬರೆದರೆ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ 20 ಮಿ.ಗ್ರಾಂ. ಚರ್ಮದಡಿ. ತೀರ್ಥವನ್ನೋ ಜಮ್‌ಜಮ್ ನೀರನ್ನೋ ಹಾಕಬೇಕೆಂದರೆ ತಡೆಯುವುದಿಲ್ಲ. ಚಮಚದಿಂದ ಹಾಕಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ; ತೆಳುಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ, ತುಟಿಗೂ ನಾಲಿಗೆಗೂ ತಾಗಿಸಲು ಮಗನ ಕೈಗೇ ಕೊಡುತ್ತೇನೆ.